ಅಂಕವಿಲ್ಲದ ವರ್ಷದಲ್ಲಿ ಕಂಡ ಶಾಲೆ

ನಾವಿರುವುದು ಹ್ಯಾರೋದಲ್ಲಿ ಎಂದು ತಿಳಿದ ಕೂಡಲೇ ಊರಿನಿಂದ ಬಂದವರು ಕೇಳುವ ಮೊದಲ ಪ್ರಶ್ನೆ, "ನೆಹರೂ ಓದಿದ ಶಾಲೆ ಅಲ್ಲೇ ಅಲ್ವಾ?" ಹೌದು, ಇಲ್ಲೇ. ವಾಯವ್ಯ ಲಂಡನ್ನಿನ ಈ ಗುಡ್ಡದ ಮೇಲೆ, 1572ರಲ್ಲಿ ಒಂದನೇ ಎಲಿಜಬೆತ್ ರಾಣಿಯ ಸನದಿನಿಂದ ಹುಟ್ಟಿದ ಹ್ಯಾರೋ ಸ್ಕೂಲ್ ಇದೆ. ಚರ್ಚಿಲ್ ಓದಿದ್ದೂ ಇಲ್ಲೇ, ನೆಹರೂ ಓದಿದ್ದೂ ಇಲ್ಲೇ. ಬಂದ ನೆಂಟರನ್ನೆಲ್ಲ ನಾವು ಗುಡ್ಡ ಹತ್ತಿಸುತ್ತೇವೆ. ಹುಲ್ಲಿನ ಟೋಪಿ ಹಾಕಿಕೊಂಡು ಓಡಾಡುವ ಹುಡುಗರನ್ನು ನೋಡಿ, ಫೋಟೋ ತೆಗೆಸಿಕೊಂಡು, ಕೆಳಗಿಳಿದು ಬಂದು ಮನೆಯಲ್ಲಿ ಕಾಫಿ ಕುಡಿಯುತ್ತೇವೆ.

ಇವತ್ತು ನಿಮ್ಮನ್ನು ಆ ಶಾಲೆಗೆ ಕರೆದುಕೊಂಡು ಹೋಗುವುದಿಲ್ಲ. ಅದೇ ಗುಡ್ಡದ ಬುಡದಲ್ಲಿ, ನಾರ್ತ್‌ವಿಕ್ ಪಾರ್ಕ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಕೆಂಪು ಇಟ್ಟಿಗೆಯ ಒಂದು ಸರ್ಕಾರಿ ಪ್ರೈಮರಿ ಶಾಲೆ ಇದೆ. ಅದಕ್ಕೆ ಇತಿಹಾಸವೂ ಇಲ್ಲ, ಟೋಪಿಯೂ ಇಲ್ಲ. ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ ಹಸಿರು ಗೇಟು ತೆರೆಯುತ್ತದೆ, ಮಧ್ಯಾಹ್ನ ಮೂರೂಕಾಲಕ್ಕೆ ಮತ್ತೆ ತೆರೆಯುತ್ತದೆ. ನಮ್ಮ ಮಗಳು ಓದುವುದು ಅಲ್ಲಿ. ಕಳೆದ ಒಂದೂವರೆ ವರ್ಷದಲ್ಲಿ ಆ ಗೇಟಿನ ಒಳಗೆ ನಾನು ಕಂಡದ್ದನ್ನು, ನನ್ನ ಹಾಗೆಯೇ ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಹೇಳಬೇಕು ಅನಿಸಿದೆ.

ವರದಿ ಓದಿ ಮನೆ ಕೊಂಡವರು

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ಶಾಲೆಯನ್ನು ನಾವು ಆರಿಸಿದ್ದು ಸಂಶೋಧನಾ ಪ್ರಬಂಧ ಬರೆಯುವ ಶ್ರದ್ಧೆಯಿಂದ. ಇಂಗ್ಲೆಂಡಿನಲ್ಲಿ ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಎಂಬ ಸಂಸ್ಥೆ ಇರುವುದು ಇಲ್ಲಿರುವ ನಿಮಗೆಲ್ಲ ಗೊತ್ತು. ಆಗೆಲ್ಲ ಅದರ ವರದಿಯಲ್ಲಿ 'ಔಟ್‌ಸ್ಟ್ಯಾಂಡಿಂಗ್' ಎಂಬ ಒಂದು ಪದ ಬಿದ್ದರೆ ಸುತ್ತಲಿನ ಮನೆಗಳ ಬೆಲೆಯೇ ಏರುತ್ತಿತ್ತು. ಮಗಳು ಇನ್ನೂ ನಡೆಯಲು ಕಲಿಯುತ್ತಿದ್ದಾಗಲೇ ನಾನು ಎಕ್ಸೆಲ್ ಶೀಟ್ ತೆರೆದಿದ್ದೆ. ಒಂದು ಕಾಲಮ್ಮಿನಲ್ಲಿ ಆರನೇ ವರ್ಷದ ಮಕ್ಕಳ ಪರೀಕ್ಷೆಯ ಅಂಕಗಳು, ಇನ್ನೊಂದರಲ್ಲಿ ಶಾಲೆಯ ಗೇಟಿನಿಂದ ಮನೆಯ ಬಾಗಿಲಿಗೆ ಎಷ್ಟು ಮೀಟರ್ ಎಂಬ ಲೆಕ್ಕ. ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಇದನ್ನೇ ಮಾಡಿರುತ್ತೀರಿ.

ಮಗಳು 2019ರ ಸೆಪ್ಟೆಂಬರಿನಲ್ಲಿ ರಿಸೆಪ್ಷನ್ ತರಗತಿಗೆ ಸೇರಿದಳು. ಆರು ತಿಂಗಳು ನಾನು ಆ ಗೇಟಿನಲ್ಲಿ ಅವಳನ್ನು ಬಿಟ್ಟು ಟ್ರೈನಿಗೆ ಓಡಿದೆ. ಒಬ್ಬ ಪೋಷಕರ ಹೆಸರೂ ನನಗೆ ಗೊತ್ತಿರಲಿಲ್ಲ. "ಆ ನೀಲಿ ಕೋಟಿನ ಅಮ್ಮ", "ಆ ಸೈಕಲ್ಲಿನ ಅಪ್ಪ", ಇಷ್ಟೇ ಪರಿಚಯ.

2020ರ ಮಾರ್ಚ್ 19, ಗುರುವಾರ. ಶಾಲೆಗೆ ಸಮೀಪದಲ್ಲೇ ಇರುವ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ತುರ್ತು ನಿಗಾ ಘಟಕದಲ್ಲಿ ಹಾಸಿಗೆಗಳು ಮುಗಿದುಹೋಗಿ, ಆಸ್ಪತ್ರೆ ವಿಷಮ ಸ್ಥಿತಿಯನ್ನು ಘೋಷಿಸಬೇಕಾಯಿತು. ಮರುದಿನ ಶುಕ್ರವಾರ ಮಧ್ಯಾಹ್ನ ಇಡೀ ಇಂಗ್ಲೆಂಡಿನ ಶಾಲೆಗಳು ಮುಚ್ಚಿದವು. ಮಕ್ಕಳು ಬ್ಯಾಗು, ಬೂಟು, ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನೆಲ್ಲ ಹೊತ್ತುಕೊಂಡು ಹೊರಬಂದರು. ಮಗಳ ಟೀಚರ್ ಗೇಟಿನಲ್ಲಿ ನಿಂತು ಪ್ರತಿ ಮಗುವಿನ ಹೆಸರು ಕರೆದು "ಸೀ ಯೂ ಸೂನ್" ಎನ್ನುತ್ತಿದ್ದರು. ಆ 'ಬೇಗ' ಎಷ್ಟು ದಿನ ಎಂದು ಯಾರಿಗೂ ತಿಳಿದಿರಲಿಲ್ಲ.

ಆಫ್‌ಸ್ಟೆಡ್ ತನ್ನ ಮಾಮೂಲಿ ತಪಾಸಣೆಗಳನ್ನು ನಿಲ್ಲಿಸಿತು. ಪ್ರೈಮರಿ ಮಕ್ಕಳ ಪರೀಕ್ಷೆ ರದ್ದಾಯಿತು, ಜಿಸಿಎಸ್‌ಇ ರದ್ದಾಯಿತು, ಎ ಲೆವೆಲ್ ರದ್ದಾಯಿತು. ನನ್ನ ಎಕ್ಸೆಲ್ ಶೀಟಿನ ಅಷ್ಟೂ ಕಾಲಮ್ಮುಗಳು ಒಂದೇ ವಾರದಲ್ಲಿ ಖಾಲಿಯಾದವು. ಶಾಲೆ ಅಂದರೆ ಏನು ಎಂದು ನಾನು ಕಲಿಯತೊಡಗಿದ್ದು ಆ ಮೇಲೆ.

ಹದಿಮೂರು ಮಕ್ಕಳು

ಶಾಲೆ ಮುಚ್ಚಿತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅತ್ಯಗತ್ಯ ಕೆಲಸ ಮಾಡುವವರ ಮಕ್ಕಳಿಗೆ ಮತ್ತು ಮನೆಯಲ್ಲಿ ಕಷ್ಟ ಇರುವ ಮಕ್ಕಳಿಗೆ ಬಾಗಿಲು ತೆರೆದೇ ಇತ್ತು. ನನ್ನ ಗಂಡ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯ. ಮಾರ್ಚ್ ಕೊನೆಯ ವಾರದಿಂದ ಅವರು ಮನೆಯ ಪುಟ್ಟ ಕೋಣೆಯಲ್ಲಿ ಒಬ್ಬರೇ ಮಲಗುತ್ತಿದ್ದರು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ನಾನು ಪ್ರೋಟೀನುಗಳ ಮೇಲೆ ಸಂಶೋಧನೆ ಮಾಡುವವಳು. ನನ್ನ ಪ್ರಯೋಗಾಲಯ ಮುಚ್ಚಿತ್ತು, ಮಗಳ ಜೊತೆ ಮನೆಯಲ್ಲಿದ್ದೆ.

ಏಪ್ರಿಲಿನಲ್ಲಿ ನಮ್ಮ ಸಂಸ್ಥೆಯಲ್ಲಿ ಕೋವಿಡ್ ಪರೀಕ್ಷೆ ನಡೆಸಲು ಸ್ವಯಂಸೇವಕರು ಬೇಕೆಂದು ಇಮೇಲ್ ಬಂತು. ಪಿಸಿಆರ್ ಮಾಡುವುದು ನನಗೆ ಒಗ್ಗರಣೆ ಹಾಕಿದಷ್ಟು ಸಲೀಸು. ಹೆಸರು ಕೊಟ್ಟೆ. ಕೊಟ್ಟರೆ ಮಗಳನ್ನು ಶಾಲೆಗೆ ಕಳಿಸಬೇಕು. ಲಕ್ಷಾಂತರ ಮಕ್ಕಳು ಮನೆಯಲ್ಲಿ ಸುರಕ್ಷಿತವಾಗಿರುವಾಗ ನನ್ನ ನಾಲ್ಕೂವರೆ ವರ್ಷದ ಮಗುವನ್ನು ಹೊರಗೆ ಕಳಿಸುವುದು ನಾನಾಗಿ ಮಾಡಿದ ಆಯ್ಕೆ, ಯಾರ ಒತ್ತಾಯವೂ ಇರಲಿಲ್ಲ. ಶಿವಮೊಗ್ಗದಿಂದ ಅಮ್ಮ ಫೋನಿನಲ್ಲಿ, "ಅವನದ್ದಂತೂ ಡ್ಯೂಟಿ, ಬಿಡೋ ಹಾಗಿಲ್ಲ. ನಿಂಗೇನೇ ಬಂದಿತ್ತು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನೂರು ಮಕ್ಕಳ ಶಾಲೆಯಲ್ಲಿ ಆ ಸೋಮವಾರ ಹದಿಮೂರು ಮಕ್ಕಳಿದ್ದರು. ಮೊದಲ ದಿನವೇ ಮಗಳು ಬಂದು ವರದಿ ಒಪ್ಪಿಸಿದಳು. ಒಬ್ಬ ಹುಡುಗನ ಅಪ್ಪ ಬಸ್ ಓಡಿಸುತ್ತಾರೆ. ಒಬ್ಬಳ ಅಮ್ಮ ಅಜ್ಜ ಅಜ್ಜಿಯರ ಮನೆಯಲ್ಲಿ ಕೆಲಸ ಮಾಡುತ್ತಾರೆ, ಅಂದರೆ ವೃದ್ಧಾಶ್ರಮ. ಅಣ್ಣ ತಂಗಿ ಇಬ್ಬರ ಅಪ್ಪ ಸೂಪರ್‌ಮಾರ್ಕೆಟ್ಟಿನ ವ್ಯಾನಿನಲ್ಲಿ ಮನೆಮನೆಗೆ ಸಾಮಾನು ತಲುಪಿಸುತ್ತಾರೆ. ಇಬ್ಬರ ಅಮ್ಮಂದಿರು ನರ್ಸುಗಳು, ಒಬ್ಬರು ಕೇರಳದವರು, ಒಬ್ಬರು ಫಿಲಿಪ್ಪೀನ್ಸಿನವರು. ನಮ್ಮ ಹಾಗೆ ವರದಿ ಓದಿ ಮನೆ ಕೊಂಡವರು ಆ ಹದಿಮೂರರಲ್ಲಿ ಹೆಚ್ಚಿರಲಿಲ್ಲ. ಲಂಡನ್ ಎಂಬ ಈ ದೊಡ್ಡ ಊರು ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಆ ಒಂದು ಕೋಣೆಯಲ್ಲಿ ಕಾಣುತ್ತಿತ್ತು. ಅವರೆಲ್ಲ ಆರು ತಿಂಗಳಿಂದ ನನ್ನ ಪಕ್ಕದಲ್ಲೇ ಗೇಟಿನಲ್ಲಿ ನಿಂತವರು.

ಕೈ ತೊಳೆಯಲು ಇಪ್ಪತ್ತು ಸೆಕೆಂಡು ಬೇಕಲ್ಲ. ಟೀಚರ್ ಒಂದು ಆಟ ಮಾಡಿದರು. ದಿನಕ್ಕೊಬ್ಬರು ತಮ್ಮ ಮನೆಭಾಷೆಯಲ್ಲಿ ಇಪ್ಪತ್ತರವರೆಗೆ ಎಣಿಸಬೇಕು, ಉಳಿದವರು ಅಷ್ಟು ಹೊತ್ತು ಕೈ ಉಜ್ಜಬೇಕು. ಪೋಲಿಷ್, ಗುಜರಾತಿ, ಸೊಮಾಲಿ, ಮಲಯಾಳಂ, ರೊಮೇನಿಯನ್. ನಮ್ಮವಳ ಸರದಿ ಬಂದಾಗ ಹನ್ನೊಂದರ ಮುಂದೆ ಗೊತ್ತಿರಲಿಲ್ಲ. ಅವತ್ತು ಸಂಜೆ ಬಂದು, "ಅಮ್ಮಾ, ಹನ್ನೊಂದಾದ್ಮೇಲೆ ಏನು? ನಾಳೆ ಬೇಕು" ಎಂದಳು. ಎರಡು ವರ್ಷ ನಾನು ಗೋಗರೆದರೂ ಆಗದ್ದು ಒಂದು ಸಂಜೆಯಲ್ಲಿ ಆಯಿತು.

ಶಾಲೆಯಲ್ಲಿ ಊಟ ಬಡಿಸುವ ಒಬ್ಬ ಹಿರಿಯ ಹೆಂಗಸಿದ್ದರು. ಇಲ್ಲಿ ಡಿನ್ನರ್ ಲೇಡಿ ಅನ್ನುತ್ತಾರೆ. ಯಾವ ಮಗು ಮಾಂಸ ತಿನ್ನುವುದಿಲ್ಲ, ಯಾವುದಕ್ಕೆ ಕಡಲೆಕಾಯಿ ಆಗುವುದಿಲ್ಲ, ಯಾವ ಮಗು ಹಲಾಲ್ ಮಾತ್ರ ತಿನ್ನುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ನಮ್ಮವಳು ಮೊಟ್ಟೆ ತಿನ್ನುವುದಿಲ್ಲ. ಕೇಕ್ ಬಂದ ದಿನ ಅವಳಿಗೆ ಹಣ್ಣು ಬೇರೆ ತೆಗೆದಿಟ್ಟಿರುತ್ತಿದ್ದರು. ತಟ್ಟೆ ತುಂಬಿದಾಗ ಇವಳು ಮನೆಯ ಅಭ್ಯಾಸದಲ್ಲಿ ಅಂಗೈ ಅಡ್ಡ ಹಿಡಿದು "ಸಾಕು" ಎನ್ನುತ್ತಿದ್ದಳಂತೆ. ಆ ಪದ ಅವರಿಗೆ ಹಿಡಿಸಿಬಿಟ್ಟಿತು. ಕೆಲವೇ ದಿನಗಳಲ್ಲಿ ಹದಿಮೂರು ಮಕ್ಕಳಿಗೂ ಸೌಟು ಹಿಡಿದು "ಸಾಕು?" ಎಂದು ಕೇಳತೊಡಗಿದರು. ಆ ಮಕ್ಕಳೆಲ್ಲ "ಸಾಕು" ಎಂದೇ ಉತ್ತರಿಸುತ್ತಿದ್ದರು.

ನಮ್ಮ ಪಕ್ಕದ ಬ್ರೆಂಟ್‌ನಲ್ಲಿ ಆಲ್ಪರ್ಟನ್ ಕಮ್ಯುನಿಟಿ ಸ್ಕೂಲ್ ಇದೆ. ಅಲ್ಲಿನ ಚಿತ್ರಕಲಾ ಶಿಕ್ಷಕಿ ಆಂಡ್ರಿಯಾ ಜಾಫಿರಾಕೂ ಅವರಿಗೆ 2018ರಲ್ಲಿ ಹತ್ತು ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರಶಸ್ತಿ ಬಂತು. ಗುಜರಾತಿ, ಹಿಂದಿ, ತಮಿಳು ಸೇರಿದಂತೆ ತಮ್ಮ ಮಕ್ಕಳ ಹತ್ತಾರು ಮನೆಭಾಷೆಗಳಲ್ಲಿ ನಮಸ್ಕಾರ ಹೇಳುವುದನ್ನು ಅವರು ಕಲಿತಿದ್ದಾರೆ ಎಂದು ಪತ್ರಿಕೆಗಳು ಬರೆದಾಗ, "ಚೆನ್ನಾಗಿದೆ" ಎಂದುಕೊಂಡು ಪುಟ ತಿರುಗಿಸಿದ್ದೆ. ಅದು ಎಷ್ಟು ದೊಡ್ಡ ವಿಷಯ ಎಂದು ಅರ್ಥವಾದದ್ದು ಸೌಟು ಹಿಡಿದ ಒಬ್ಬ ಹೆಂಗಸಿನ ಬಾಯಲ್ಲಿ 'ಸಾಕು' ಕೇಳಿದಾಗ.

ಒಂದು ಫೋನು, ಮೂರು ಮಕ್ಕಳು

ಮನೆಯಲ್ಲಿದ್ದ ಮಕ್ಕಳ ಕಥೆ ಬೇರೆ. ಏಪ್ರಿಲ್ 20ರಂದು ಬಿಬಿಸಿ ಬೈಟ್‌ಸೈಜ್ ದಿನದ ಪಾಠಗಳನ್ನು ಶುರುಮಾಡಿತು, ಅದೇ ದಿನ ಓಕ್ ನ್ಯಾಷನಲ್ ಅಕಾಡೆಮಿ ಎಂಬ ಆನ್‌ಲೈನ್ ತರಗತಿಯೂ ತೆರೆಯಿತು. ಪಾಠಗಳಿಗೆ ಕೊರತೆ ಇರಲಿಲ್ಲ, ಅವನ್ನು ನೋಡಲು ಪರದೆಗಳೇ ಇರಲಿಲ್ಲ. ಬ್ರಿಟನ್ನಿನಲ್ಲಿ ಸುಮಾರು 11 ಲಕ್ಷದಿಂದ 18 ಲಕ್ಷ ಮಕ್ಕಳ ಮನೆಯಲ್ಲಿ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಯಾವುದೂ ಇಲ್ಲ ಎಂದು ಆಫ್‌ಕಾಮ್ ಅಂದಾಜು ಮಾಡಿತ್ತು. ಬ್ರಿಟನ್ನಿನಂಥ ದೇಶದಲ್ಲೂ ಹೀಗಾ ಎಂದು ಅಮ್ಮನಿಗೆ ಆಶ್ಚರ್ಯ. ಸತ್ಯ ಹೇಳಬೇಕೆಂದರೆ ನನಗೂ.

ನಮ್ಮ ಶಾಲೆಯ ಟೀಚರುಗಳು ಪ್ರತಿ ವಾರ ಪ್ರತಿ ಮನೆಗೂ ಫೋನ್ ಮಾಡುತ್ತಿದ್ದರು. "ಹೋಂವರ್ಕ್ ಆಯಿತಾ?" ಎಂಬ ಪ್ರಶ್ನೆ ಕೊನೆಗೆ. ಮೊದಲು ಕೇಳುತ್ತಿದ್ದದ್ದು, "ಹೇಗಿದ್ದೀರಿ? ಮನೆಯಲ್ಲಿ ಸಾಮಾನು ಇದೆಯಾ? ಮಗುವಿನ ಜೊತೆ ಎರಡು ಮಾತಾಡಲಾ?" ಹಾಗೆ ಕೇಳಿದ್ದರಿಂದಲೇ ಒಂದು ಮನೆಯಲ್ಲಿ ಮೂರು ಮಕ್ಕಳು ಅಪ್ಪನ ಒಂದೇ ಫೋನಿನಲ್ಲಿ ಸರದಿಯ ಮೇಲೆ ಪಾಠ ನೋಡುತ್ತಿರುವುದು ಗೊತ್ತಾಯಿತು. ಆ ಅಪ್ಪ ಟ್ಯಾಕ್ಸಿ ಓಡಿಸುವವರು. ಅವರು ಕೆಲಸಕ್ಕೆ ಹೋದರೆ ಶಾಲೆಯೂ ಅವರ ಜೇಬಿನಲ್ಲೇ ಹೊರಟುಹೋಗುತ್ತಿತ್ತು.

ಇಲ್ಲಿ ನಮ್ಮ ಕನ್ನಡದವರ ಪಾತ್ರ ಬರುತ್ತದೆ. ವಾರಾಂತ್ಯದ ಕನ್ನಡ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನಾನು ಈ ವಿಷಯ ಹಾಕಿದೆ. ಆ ಗುಂಪಿನಲ್ಲಿ ಅರ್ಧ ಜನ ಐಟಿಯವರು, ಪ್ರತಿಯೊಬ್ಬರ ಮನೆಯ ಅಟ್ಟದಲ್ಲೂ ಒಂದೆರಡು ಹಳೇ ಲ್ಯಾಪ್‌ಟಾಪ್. ನಮ್ಮಲ್ಲೊಬ್ಬರು ತಮ್ಮ ಗ್ಯಾರೇಜನ್ನೇ ರಿಪೇರಿ ಅಂಗಡಿ ಮಾಡಿಕೊಂಡರು. ಹಳೇ ಮಾಹಿತಿಯನ್ನೆಲ್ಲ ಅಳಿಸಿ, ಬ್ಯಾಟರಿ ಬದಲಾಯಿಸಿ, ಚಾರ್ಜರ್ ಹುಡುಕಿ, ಜೂನ್ ಹೊತ್ತಿಗೆ ಹತ್ತೊಂಬತ್ತು ಲ್ಯಾಪ್‌ಟಾಪ್ ಶಾಲೆಯ ಕಚೇರಿಗೆ ತಲುಪಿಸಿದರು. ಜೊತೆಗೆ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳೂ ಹೋಗತೊಡಗಿದವು. ಉಚಿತ ಊಟಕ್ಕೆ ಅರ್ಹರಾದ ಮಕ್ಕಳಿಗೆ ಸರ್ಕಾರ ವಾರಕ್ಕೆ 15 ಪೌಂಡ್ ವೋಚರ್ ಕೊಡುತ್ತಿತ್ತು. ಬೇಸಿಗೆ ರಜೆಯಲ್ಲಿ ಅದು ನಿಲ್ಲುವುದರಲ್ಲಿತ್ತು. ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಜೂನ್ 15ರಂದು ಸಂಸದರಿಗೆ ಬಹಿರಂಗ ಪತ್ರ ಬರೆದರು, ಮರುದಿನವೇ ಸರ್ಕಾರ ತನ್ನ ನಿಲುವು ಬದಲಿಸಿತು. ತಾನೂ ಚಿಕ್ಕಂದಿನಲ್ಲಿ ಶಾಲೆಯ ಉಚಿತ ಊಟ ಉಂಡು ಬೆಳೆದವನು ಎಂಬುದನ್ನು ಆತ ಮುಚ್ಚಿಡಲಿಲ್ಲ. ಅದಾದ ಮೇಲೆ ವೋಚರ್ ಕೇಳಲು ನಾಚುತ್ತಿದ್ದ ಕೆಲವು ಪೋಷಕರು ತಾವಾಗಿ ಫೋನ್ ಮಾಡಿದರು ಎಂದು ಶಾಲೆಯ ಕಚೇರಿಯವರು ಹೇಳಿದರು.

ಎಲ್ಲವೂ ಚಂದವಾಗಿತ್ತು ಎಂದು ಹೇಳಲಾರೆ. ಜೂನಿನಲ್ಲಿ ರಿಸೆಪ್ಷನ್, ಒಂದು ಮತ್ತು ಆರನೇ ವರ್ಷದ ಮಕ್ಕಳಿಗೆ ಶಾಲೆ ಮತ್ತೆ ತೆರೆದಾಗ, ಒಬ್ಬ ತಾಯಿ ನಮ್ಮ ಮಗಳನ್ನು ತಮ್ಮ ಮಗುವಿನ ಗುಂಪಿನಲ್ಲಿ ಹಾಕಬೇಡಿ ಎಂದು ಕೇಳಿಕೊಂಡರಂತೆ. ಅಪ್ಪ ಆಸ್ಪತ್ರೆಯಲ್ಲಿ, ಅಮ್ಮ ವೈರಸ್ಸಿನ ಲ್ಯಾಬಿನಲ್ಲಿ! ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಬಾಗಿಲಲ್ಲಿ ನಿಂತು ನಮಗಾಗಿ ಚಪ್ಪಾಳೆ ತಟ್ಟಿದವರಲ್ಲಿ ಅವರೂ ಒಬ್ಬರು. ನನಗೆ ಬಹಳ ನೋವಾಯಿತು. ಆದರೆ ಅವರ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ತಂದೆ ಇದ್ದರು ಎಂದು ಆಮೇಲೆ ತಿಳಿಯಿತು. ಅವರ ಜಾಗದಲ್ಲಿದ್ದಿದ್ದರೆ ನಾನೂ ಕೇಳುತ್ತಿದ್ದೆನೇನೋ. ಈಗ ನಾವಿಬ್ಬರೂ ಶಾಲೆಯ ಪೋಷಕರ ಸಂಘದಲ್ಲಿ ಒಟ್ಟಿಗೆ ಕೆಲಸ ಮಾಡುತ್ತೇವೆ. ಆ ವಿಷಯ ಇಬ್ಬರೂ ಎತ್ತುವುದಿಲ್ಲ.

ಶನಿವಾರ ಹತ್ತು ಗಂಟೆಗೆ ಶಿವಮೊಗ್ಗ

ಕನ್ನಡ ತರಗತಿಯ ವಿಷಯ ಹೇಳಿದೆನಲ್ಲ. ಹದಿನಾಲ್ಕು ಮಕ್ಕಳು, ಬಾಡಿಗೆಯ ಒಂದು ಸಭಾಂಗಣ, ಮೂವರು ಸ್ವಯಂಸೇವಕ ಶಿಕ್ಷಕಿಯರು. ಸಭಾಂಗಣ ಮುಚ್ಚಿದಾಗ ತರಗತಿಯೂ ಮುಗಿಯಿತು ಎಂದುಕೊಂಡೆವು. ಝೂಮ್‌ನಲ್ಲಿ ಪ್ರಯತ್ನಿಸಿದ ಮೊದಲ ಮೂರು ವಾರ ನಿಜಕ್ಕೂ ಕಷ್ಟವಾಗಿತ್ತು. ಮಕ್ಕಳು ಹೆಸರನ್ನು 'ಡೈನೋಸಾರ್' ಎಂದು ಬದಲಾಯಿಸಿಕೊಳ್ಳುವುದು, ಕ್ಯಾಮೆರಾ ಆರಿಸಿ ಮಾಯವಾಗುವುದು, ಒತ್ತಕ್ಷರ ಹೇಳಿಕೊಡುವಾಗ ಯಾರದೋ ಮನೆಯ ಮಿಕ್ಸಿ ಸದ್ದು.

ನಾಲ್ಕನೇ ಶನಿವಾರ ಒಬ್ಬ ಹುಡುಗನ ಪರದೆಯಲ್ಲಿ ಅವನ ಬದಲು ಹುಬ್ಬಳ್ಳಿಯ ಅಜ್ಜಿ ಕಾಣಿಸಿಕೊಂಡರು. ಮೊಮ್ಮಗ ತಪ್ಪಿ ಅವರಿಗೆ ಲಿಂಕ್ ಕಳಿಸಿದ್ದ. "ಏನ್ ನಡದೈತ್ರೀ ಇಲ್ಲಿ?" ಎಂದರು. ಶಿಕ್ಷಕಿ ಸಮಯ ನೋಡಿ, "ಅಜ್ಜಿ, ಒಂದು ಕಥೆ ಹೇಳ್ತೀರಾ?" ಎಂದು ಕೇಳಿದರು. ಅಜ್ಜಿ ಇಪ್ಪತ್ತು ನಿಮಿಷ ಹೇಳಿದರು. ಯಾರೂ ಕ್ಯಾಮೆರಾ ಆರಿಸಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಒಬ್ಬರು ಅಜ್ಜ ಅಥವಾ ಅಜ್ಜಿಯ ಸರದಿ. ನಮಗೆ ಬೆಳಿಗ್ಗೆ ಹತ್ತು ಗಂಟೆ, ಬೇಸಿಗೆಯಲ್ಲಿ ಅವರಿಗೆ ಮಧ್ಯಾಹ್ನ ಎರಡೂವರೆ. ಊಟ ಮುಗಿಸಿ, ನಿದ್ದೆಗೆ ಮುಂಚೆ. ನನ್ನಮ್ಮ ಶಿವಮೊಗ್ಗದಿಂದ ಹಲಸಿನ ಹಪ್ಪಳ ಒತ್ತುವುದನ್ನು ತೋರಿಸಿದರು. ಮಂಗಳೂರಿನ ಅಜ್ಜ ಮಳೆಗಾಲದ ಸಮುದ್ರ ತೋರಿಸಿದರು. ಕಲಬುರಗಿಯ ಅಜ್ಜಿ ಜೋಳದ ರೊಟ್ಟಿ ಬಡಿದರು. ಒಂದೇ ಕನ್ನಡವನ್ನು ಎಷ್ಟು ಬಗೆಯಲ್ಲಿ ಆಡಬಹುದು ಎಂದು ಮಕ್ಕಳಿಗೆ ಮಾತ್ರವಲ್ಲ, ಬೆಂಗಳೂರಿನ ಅಪ್ಪ ಅಮ್ಮಂದಿರಿಗೂ ಆಗಲೇ ಗೊತ್ತಾದದ್ದು. ಹದಿನಾಲ್ಕು ಮಕ್ಕಳು ಮೂವತ್ತೊಂದಾದರು. ಅಬರ್ಡೀನ್‌ನಿಂದ, ಡಬ್ಲಿನ್‌ನಿಂದ ಮಕ್ಕಳು ಸೇರಿಕೊಂಡರು. ಅಲ್ಲೆಲ್ಲ ವಾರಾಂತ್ಯದ ಸಭಾಂಗಣಕ್ಕೆ ಸಾಲುವಷ್ಟು ಕನ್ನಡ ಮನೆಗಳು ಅವರ ಹತ್ತಿರದಲ್ಲಿರಲಿಲ್ಲ.

2021ರ ಏಪ್ರಿಲ್‌ನಲ್ಲಿ ಭಯದ ದಿಕ್ಕು ಬದಲಾಯಿತು. ಅಲ್ಲಿಯವರೆಗೆ ಊರಿನವರು ನಮ್ಮ ಬಗ್ಗೆ ಹೆದರುತ್ತಿದ್ದರು, ಈಗ ನಾವು ಅವರ ಬಗ್ಗೆ. ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ಹೋದರೆ ವಾಪಸ್ ಬಂದಾಗ ಹತ್ತು ದಿನ ಹೋಟೆಲ್ ವಾಸ, ತಲೆಗೆ 1,750 ಪೌಂಡ್. ಹೋಗುವ ಮಾತೇ ಇಲ್ಲ. ಮಂಗಳೂರಿನ ಅಜ್ಜ ಎರಡು ಶನಿವಾರ ಬರಲಿಲ್ಲ. ಯಾರೂ ಮಕ್ಕಳಿಗೆ ಕಾರಣ ಹೇಳಲಿಲ್ಲ, ಮಕ್ಕಳು ಕೇಳಲೂ ಇಲ್ಲ, ಅವರಿಗೆ ಗೊತ್ತಿತ್ತು. ಮೂರನೇ ಶನಿವಾರ ದಿಂಬಿಗೆ ಒರಗಿ ಕೂತು ಅವರು ಪರದೆಗೆ ಬಂದಾಗ ಮೂವತ್ತೊಂದು ಮನೆಗಳಿಂದ ಎದ್ದ ಗದ್ದಲಕ್ಕೆ ನನ್ನ ಲ್ಯಾಪ್‌ಟಾಪಿನ ಸ್ಪೀಕರ್ ಗರಗರ ಎಂದಿತು.

ಹಾವೇರಿಯ ಕಟ್ಟೆ

ನಮ್ಮ ಅತ್ತಿಗೆ ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮಿಬ್ಬರಿಗೂ ಆ ವರ್ಷ ಫೋನಿನಲ್ಲಿ ಇದೇ ಮಾತು. ಇಂಗ್ಲೆಂಡ್ ದೊಡ್ಡ ಪರೀಕ್ಷೆಗಳನ್ನು ರದ್ದು ಮಾಡಿ, ಕಂಪ್ಯೂಟರ್ ಸೂತ್ರದಿಂದ ಅಂಕ ಕೊಡಲು ಹೋಗಿ, ಆಗಸ್ಟಿನಲ್ಲಿ ಮಕ್ಕಳು ಬೀದಿಗಿಳಿದ ಮೇಲೆ ನಾಲ್ಕೇ ದಿನದಲ್ಲಿ ಕೈಬಿಟ್ಟಿತು. ಕರ್ನಾಟಕ ಆ ಹೊತ್ತಿಗೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿ ಮುಗಿಸಿತ್ತು. ಅತ್ತಿಗೆ ಮಾಸ್ಕು, ಥರ್ಮಾಮೀಟರ್ ಹಿಡಿದು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತಿದ್ದರು.

ಆಗಸ್ಟಿನಲ್ಲಿ ಕರ್ನಾಟಕದಲ್ಲಿ 'ವಿದ್ಯಾಗಮ' ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಶಿಕ್ಷಕರೇ ಮಕ್ಕಳಿರುವ ಕಡೆ ಹೋಗಬೇಕು. ಗುಡಿಯ ಪೌಳಿ, ಸಮುದಾಯ ಭವನ, ಅರಳಿಕಟ್ಟೆ, ಎಲ್ಲಿ ನೆರಳಿದೆಯೋ ಅಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ. ಜನ ಅದನ್ನು ವಠಾರ ಶಾಲೆ ಎಂದರು. ನಮ್ಮ ಲ್ಯಾಪ್‌ಟಾಪ್ ಕಥೆಯನ್ನು ನಾನು ಹೆಮ್ಮೆಯಿಂದ ಹೇಳಿದಾಗ ಅತ್ತಿಗೆ ನಕ್ಕರು. "ನೀವು ಲ್ಯಾಪ್‌ಟಾಪ್ ಹಂಚಿದ್ರಿ, ನಾವು ಕಟ್ಟಿ ಹಂಚ್ಕೊಂಡ್ವಿ. ಇಲ್ಲಿ ನೆಟ್‌ವರ್ಕ್ ಹೋಗಂಗಿಲ್ಲ ನೋಡು, ಯಾಕಂದ್ರ ಇಲ್ಲೇ ಇಲ್ಲ."

ಆದರೆ ಅಕ್ಟೋಬರಿನಲ್ಲಿ ಕೆಲವೆಡೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿ ವಿದ್ಯಾಗಮವನ್ನು ನಿಲ್ಲಿಸಬೇಕಾಯಿತು. ಮತ್ತೆ ಶುರುವಾದದ್ದು 2021ರ ಜನವರಿ 1ರಂದು, ಶಾಲೆಯ ಆವರಣದಲ್ಲೇ. ನಡುವಿನ ಎರಡೂವರೆ ತಿಂಗಳು ಅತ್ತಿಗೆಯ ಧ್ವನಿ ಸೋತಿತ್ತು. ತಮ್ಮ ಏಳನೇ ತರಗತಿಯ ಇಬ್ಬರು ಹುಡುಗರು ಕೂಲಿಗೆ ಹೋಗುತ್ತಿದ್ದಾರೆ, ಒಬ್ಬ ಹುಡುಗಿಗೆ ಮದುವೆಯ ಮಾತು ನಡೆದಿದೆ ಎಂದರು. ಆ ಮನೆಗೆ ಮೂರು ಸಲ ಹೋಗಿ ಕೂತು, ಚಹಾ ಕುಡಿದು, ಮಾತಾಡಿ ಬಂದರು. ಜನವರಿಯಲ್ಲಿ ಹುಡುಗಿ ಶಾಲೆಗೆ ಬಂದಳು. ಹುಡುಗರಲ್ಲಿ ಒಬ್ಬ ಬಂದ, ಇನ್ನೊಬ್ಬ ಬರಲಿಲ್ಲ. ಇಲ್ಲಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ ಟೀಚರ್, ಅಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಬಂದ ಅತ್ತಿಗೆ, ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಜನವರಿ

ಎರಡನೆಯ ಸಲ ಶಾಲೆ ಮುಚ್ಚಿದ್ದು 2021ರ ಜನವರಿಯಲ್ಲಿ. ಆಗ ನಮಗೆ ಎಲ್ಲ ಗೊತ್ತಿತ್ತು. ಝೂಮ್ ಗೊತ್ತಿತ್ತು, ಲ್ಯಾಪ್‌ಟಾಪ್ ಇತ್ತು, ಲಸಿಕೆ ಕೂಡ ಬಂದಿತ್ತು. ಆದರೂ ಆ ತಿಂಗಳು ಮೊದಲಿನದಕ್ಕಿಂತ ಭಾರವಾಗಿತ್ತು. ಜನವರಿ 8ರಂದು ಮೇಯರ್ ಸಾದಿಕ್ ಖಾನ್ ನಗರದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಲಂಡನ್ನಿನಲ್ಲಿ ಮೂವತ್ತು ಜನರಲ್ಲಿ ಒಬ್ಬರಿಗೆ ಸೋಂಕು. ನನ್ನ ಗಂಡ ಮತ್ತೆ ಪುಟ್ಟ ಕೋಣೆಗೆ ಹೋದರು.

ಆ ತಿಂಗಳ ಮೂರನೇ ವಾರ ಹೆಡ್ ಟೀಚರ್ ಎಲ್ಲ ಪೋಷಕರಿಗೆ ಒಂದು ಪತ್ರ ಕಳಿಸಿದರು. ಊಟ ಬಡಿಸುತ್ತಿದ್ದ ಆ ಹಿರಿಯ ಹೆಂಗಸು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಇಪ್ಪತ್ತೆರಡು ವರ್ಷ ಆ ಶಾಲೆಯಲ್ಲಿ ಕೆಲಸ ಮಾಡಿದ್ದರು ಎಂಬುದು ನನಗೆ ತಿಳಿದದ್ದೇ ಆ ಪತ್ರದಿಂದ.

ಮಗಳಿಗೆ ಹೇಗೆ ಹೇಳುವುದು? ನಾನು ದಿನವೂ ನೂರಾರು ಮಾದರಿಗಳನ್ನು ಪಾಸಿಟಿವ್, ನೆಗೆಟಿವ್ ಎಂದು ವಿಂಗಡಿಸುವವಳು. ಆ ಸಂಖ್ಯೆಗಳ ಹಿಂದೆ ಮುಖ ಇರುತ್ತದೆ ಎಂದು ಗೊತ್ತಿದ್ದೂ ನೋಡದೆ ಇರುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಆ ಸಂಜೆ ನನ್ನ ಬಾಯಿ ಕಟ್ಟಿತು. ಕೊನೆಗೆ ಹೇಳಿದ್ದು ಗಂಡ, ಕೋಣೆಯ ಬಾಗಿಲಾಚೆ ನೆಲದ ಮೇಲೆ ಕೂತು. ಅವಳು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಹಾಗಾದ್ರೆ ಯಾರಿಗೆ ಏನು ಆಗಲ್ಲ ಅಂತ ಯಾರಿಗೆ ಗೊತ್ತಿರತ್ತೆ?" ಮೊಟ್ಟೆ, ಕಡಲೆಕಾಯಿ, ಹಲಾಲ್ — ಅವಳು ಕೇಳಿದ್ದು ಅದನ್ನು.

ಮಾರ್ಚ್ 8ಕ್ಕೆ ಶಾಲೆಗಳು ಪೂರ್ತಿ ತೆರೆದವು. ಊಟದ ಮನೆಯ ಗೋಡೆಯ ಮೇಲೆ ದೊಡ್ಡ ಮಕ್ಕಳು ಒಂದು ಪಟ್ಟಿ ಬರೆದು ಹಾಕಿದ್ದರು, ಪ್ರತಿ ತರಗತಿಯಲ್ಲಿ ಯಾರಿಗೆ ಏನು ಆಗುವುದಿಲ್ಲ ಎಂದು. ಅವರಿಗೆ ನೆನಪಿದ್ದದ್ದು, ಕೇಳಿ ತಿಳಿದದ್ದು ಎಲ್ಲ ಸೇರಿಸಿ. ಹೊಸದಾಗಿ ಬಂದ ಬಡಿಸುವವರು ಅದನ್ನು ನೋಡಿ ಬಡಿಸುತ್ತಾರೆ. ಸಾಲಿನಲ್ಲಿ ನಿಂತ ಮಕ್ಕಳು ತಟ್ಟೆ ತುಂಬಿದಾಗ "ಸಾಕು" ಎನ್ನುತ್ತಾರೆ. ಅದು ಕನ್ನಡ ಎಂದು ಈಗ ಅರ್ಧ ಮಕ್ಕಳಿಗೆ ಗೊತ್ತಿಲ್ಲ.

ನದಿಯ ದಂಡೆಯಲ್ಲಿ

2021ರ ಒಂದು ಶನಿವಾರ, ಶಾಲಾ ವರ್ಷ ಮುಗಿಯುವ ಹೊತ್ತಿನಲ್ಲಿ, ನಾವು ಮೂವರೂ ಟ್ರೈನ್ ಹತ್ತಿ ವಾಕ್ಸ್‌ಹಾಲ್‌ಗೆ ಹೋದೆವು. ಲಂಡನ್ನಿಗೆ ಬಂದಾಗ ನೀವೂ ಈ ದಾರಿಯಲ್ಲಿ ನಡೆಯಿರಿ. ಸ್ಟೇಷನ್ನಿನಿಂದ ಥೇಮ್ಸ್ ದಂಡೆಗೆ ಬಂದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಕಾಯಕಕ್ಕೆ ಮೇಲು ಕೀಳಿಲ್ಲ ಎಂದವರು ನದಿಯ ದಂಡೆಯಲ್ಲೇ ಇದ್ದಾರೆ.

ಅಲ್ಲಿಂದ ಅದೇ ದಂಡೆಯಲ್ಲಿ ನದಿಯ ಗುಂಟ ಲ್ಯಾಂಬೆತ್ ಸೇತುವೆಯ ಪಕ್ಕ ಹಾದು ಮುಂದೆ ಹೋದರೆ ಸೇಂಟ್ ಥಾಮಸ್ ಆಸ್ಪತ್ರೆಯ ಕಾಂಪೌಂಡ್ ಗೋಡೆ ಸಿಗುತ್ತದೆ. ಎದುರಿಗೆ ಪಾರ್ಲಿಮೆಂಟ್. 2021ರ ಮಾರ್ಚ್ 29ರಿಂದ ಜನ ಆ ಗೋಡೆಯ ಮೇಲೆ ಕೈಯಿಂದ ಕೆಂಪು ಹೃದಯಗಳನ್ನು ಬರೆದಿದ್ದಾರೆ, ಕೋವಿಡ್‌ನಿಂದ ಹೋದ ಒಬ್ಬೊಬ್ಬರಿಗೂ ಒಂದೊಂದು. ಸುಮಾರು ಅರ್ಧ ಕಿಲೋಮೀಟರ್ ಉದ್ದ, ಆಗ ಒಂದೂವರೆ ಲಕ್ಷದಷ್ಟು ಹೃದಯಗಳಿದ್ದವು. ಸಂಖ್ಯೆಗಳ ಜೊತೆ ಬದುಕುವ ನನಗೆ ಒಂದೂವರೆ ಲಕ್ಷ ಎಂದರೆ ಎಷ್ಟು ಎಂದು ಕಾಲಿಗೆ ಗೊತ್ತಾದದ್ದು ಆವತ್ತು. ನಡೆದಷ್ಟೂ ಮುಗಿಯುವುದಿಲ್ಲ. ಖಾಲಿ ಇದ್ದ ಒಂದು ಹೃದಯದೊಳಗೆ ಮಗಳು ಪೆನ್ನಿನಿಂದ, ಮಕ್ಕಳು ಆ ಹೆಂಗಸನ್ನು ಕರೆಯುತ್ತಿದ್ದ ಹೆಸರನ್ನು ಬರೆದಳು. ಕಾಗುಣಿತ ತಪ್ಪಿತ್ತು, ತಿದ್ದಲಿಲ್ಲ.

ನಾನು ವಿಜ್ಞಾನಿ. ಒಂದು ಶಾಲೆ ನೋಡಿ ಸಿದ್ಧಾಂತ ಕಟ್ಟಬಾರದು ಎಂದು ಗೊತ್ತು. ನಮ್ಮ ಶಾಲೆಯಲ್ಲೂ ಓದುವುದರಲ್ಲಿ ಹಿಂದೆ ಬಿದ್ದ ಮಕ್ಕಳಿದ್ದಾರೆ, ಮಾತು ಕಡಿಮೆಯಾದ ಮಕ್ಕಳಿದ್ದಾರೆ. ಅವರಿಗೆ ಇನ್ನೂ ವರ್ಷಗಳ ಕೆಲಸ ಬೇಕು. ಕನ್ನಡ ತರಗತಿ ಸೆಪ್ಟೆಂಬರಿನಲ್ಲಿ ಸಭಾಂಗಣಕ್ಕೆ ಮರಳಿದರೆ ಅಬರ್ಡೀನಿನ ಮಕ್ಕಳನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಇದೆ. ತಿಂಗಳಿಗೊಂದು ಶನಿವಾರ ಅಜ್ಜ ಅಜ್ಜಿಯರ ಜೊತೆ ಪರದೆಯ ಮೇಲೇ ಎಂದು ಸದ್ಯಕ್ಕೆ ತೀರ್ಮಾನಿಸಿದ್ದೇವೆ.

ಆದರೆ ಈ ಬೇಸಿಗೆಯಲ್ಲಿ ನಿಮ್ಮಲ್ಲಿ ಯಾರಾದರೂ ಮನೆ ಹುಡುಕುತ್ತ, ಶಾಲೆಯ ವರದಿ ಓದುತ್ತ ಕೂತಿದ್ದರೆ ನನ್ನದೊಂದು ಮಾತು. ವರದಿ ಓದಿ, ಬೇಡ ಎನ್ನುವುದಿಲ್ಲ. ಆಮೇಲೆ ಒಂದು ದಿನ ಮೂರೂಕಾಲಕ್ಕೆ ಆ ಗೇಟಿನಲ್ಲಿ ಹೋಗಿ ನಿಲ್ಲಿ. ಟೀಚರುಗಳು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ ನೋಡಿ. ಬಾಗಿಲು ಮುಚ್ಚಿದ ವರ್ಷದಲ್ಲಿ ಏನು ಮಾಡಿದಿರಿ ಎಂದು ಕಚೇರಿಯವರನ್ನು ಕೇಳಿ. ಊಟ ಬಡಿಸುವವರು ಯಾರು ಎಂದೂ ಕೇಳಿ. ಸೇರಿದ ಮೇಲೆ ಮೊದಲ ವಾರದಲ್ಲೇ ಪಕ್ಕದಲ್ಲಿ ನಿಂತ ಆ ನೀಲಿ ಕೋಟಿನ ಅಮ್ಮನ ಹೆಸರು ಕೇಳಿಕೊಳ್ಳಿ. ನಾನು ಆರು ತಿಂಗಳು ತಡಮಾಡಿದೆ.